ಇಪ್ಪತ್ತೊಂದನೆಯ ಚೀಲ

ಇರಬೇಕಾದದ್ದು ಇಪ್ಪತ್ತು ಚೀಲ; ಇದ್ದದ್ದು ಇಪ್ಪತ್ತೊಂದು. ಚೀಟಿರಾಯರು ಎಡದಿಂದ ಎಣಿಸಿದರು, ಬಲದಿಂದ ಎಣಿಸಿದರು, ಕೊನೆಗೆ ಕನ್ನಡಕ ಒರೆಸಿಕೊಂಡು ಒಂದೊಂದೇ ಚೀಲದ ತಲೆ ಮುಟ್ಟಿ ಎಣಿಸಿದರು. ಚೀಲಗಳು ಹಟಮಾರಿ ಮಕ್ಕಳ ಹಾಗೆ ಇಪ್ಪತ್ತೊಂದಾಗಿಯೇ ಕೂತಿದ್ದವು.

ಒಂದು ಚೀಲ ಕಡಿಮೆಯಾದರೆ ಕಳ್ಳನನ್ನು ಹುಡುಕಬಹುದು. ಹೆಚ್ಚಾದರೆ ಯಾರನ್ನು ಹುಡುಕುವುದು? ಅದು ಹಡಗು ಹತ್ತಿ ಹೊರದೇಶಕ್ಕೆ ಹೋಗುವ ಎಳ್ಳು. ಯಾವ ಹೊಲದಲ್ಲಿ ಬೆಳೆದದ್ದು, ಯಾವ ಔಷಧಿ ಹೊಡೆದದ್ದು, ಯಾರು ಆರಿಸಿದ್ದು, ಎಲ್ಲಕ್ಕೂ ದಾಖಲೆ ಬೇಕು. ಊರು ಪೇರು ಇಲ್ಲದ ಒಂದು ಹಿಡಿ ಸೇರಿದರೂ ಆಹಾರ ಸುರಕ್ಷತೆಯ ಸರ್ಟಿಫಿಕೇಟು ಸಿಗುವುದಿಲ್ಲ. ತಪಾಸಣೆಯ ಮೇಡಂ ಹತ್ತು ಗಂಟೆಗೆ ಬರುವವರಿದ್ದರು. ಆಗ ಎಂಟೂಕಾಲು.

ಚೀಟಿರಾಯರು ಆ ಗೋದಾಮಿನ ದಾಖಲೆ ಗುಮಾಸ್ತರು. “ಚೀಟಿ ಇಲ್ಲದೆ ಮಾಲು ಅಲುಗಬಾರದು” ಎಂದು ದಿನಕ್ಕೆ ನೂರು ಸಲ ಹೇಳಿ ಆ ಹೆಸರು ಸಂಪಾದಿಸಿಕೊಂಡಿದ್ದರು. ಮನೆಯಲ್ಲೂ ಉಪ್ಪಿನ ಡಬ್ಬಿಗೆ, ಸಕ್ಕರೆ ಡಬ್ಬಿಗೆ, ಒಮ್ಮೆ ಯೋಚನೆಯಲ್ಲಿ ಬೆಕ್ಕಿನ ಬೆನ್ನಿಗೂ ಚೀಟಿ ಅಂಟಿಸಿದ್ದರು. ಹೋದ ವಾರ ಯಜಮಾನರು ಅವರನ್ನು ಕರೆದು, “ಸರ್ಟಿಫಿಕೇಟು ಸಿಕ್ಕಿತೋ, ನೀವೇ ನಮ್ಮ ಗುಣಮಟ್ಟಾಧಿಕಾರಿ. ಬೇರೆ ರೂಮು, ತಲೆ ಮೇಲೆ ಫ್ಯಾನು. ಸಿಗಲಿಲ್ವೋ, ಈಗಿರೋ ಕುರ್ಚೀನೂ ಮರೆತುಬಿಡಿ” ಎಂದಿದ್ದರು. ಮೊದಲನೆಯ ಮಾತನ್ನಷ್ಟೇ ಕೇಳಿಸಿಕೊಂಡ ರಾಯರು ‘ಗುಣಮಟ್ಟಾಧಿಕಾರಿ’ ಎಂದು ನೀಲಿ ಬೋರ್ಡು ಬರೆಸಿ, ಬಟ್ಟೆ ಸುತ್ತಿ ಮನೆಯ ಮಂಚದ ಕೆಳಗಿಟ್ಟಿದ್ದರು. ಹುದ್ದೆಯೇ ಅಷ್ಟು ಉದ್ದವಾದ್ದರಿಂದ ಹೆಸರಿಗೆ ಜಾಗ ಉಳಿದಿರಲಿಲ್ಲ.

ಕೊನೆಯ ಚೀಲಕ್ಕೆ ಚೀಟಿಯೇ ಇರಲಿಲ್ಲ. ರಾಯರು ಅದನ್ನು ಬಾಗಿಲ ಕಡೆ ಎಳೆಯತೊಡಗಿದರು. ಅಷ್ಟರಲ್ಲಿ ಗೋದಾಮಿನ ಹಮಾಲಿ ತಾತ ಬಂದ.

“ಬಿಡಿ ಸ್ವಾಮಿ, ನಿಮ್ಮ ಕೈಲಿ ಆಗೋ ಕೆಲಸವಾ ಇದು?” ಎಂದು ಚೀಲವನ್ನು ಎತ್ತಿ ರಾಯರ ಸ್ಕೂಟರಿನ ಮೇಲಿಟ್ಟ. “ಇವತ್ತು ಎಲ್ಲಾ ಚೀಲನೂ ಹಗುರ ಅನ್ನಿಸ್ತಿದೆ. ಈ ವಯಸ್ಸಲ್ಲಿ ನಂಗೆ ಶಕ್ತಿ ಬರ್ತಿದೆ ನೋಡಿ!”

“ಬರಲಿ ತಾತ, ಬರಲಿ. ಇದನ್ನ ಮಾತ್ರ ಯಾರಿಗೂ ಹೇಳ್ಬೇಡ.”

ಮನೆ ಹಿಂದಿನ ಬೀದಿಯಲ್ಲೇ ಇತ್ತು. ಹೆಂಡತಿ ಬಾಗಿಲಲ್ಲಿ ನಿಂತಿದ್ದರು.

“ಏನ್ರೀ ಇದು?”

“ಎಳ್ಳು. ಯಾರ ಕಣ್ಣಿಗೂ ಬೀಳಬಾರದು. ಹೇಗಾದ್ರೂ ಮಾಡು, ಹತ್ತು ಗಂಟೆ ಹೊತ್ತಿಗೆ ಈ ಚೀಲ ಕಾಣಬಾರದು.”

“ಚೀಟಿ?”

“ಈಗ ಚೀಟಿ ಗೀಟಿ ಅಂತ ಪ್ರಾಣ ತೆಗೀಬೇಡ ಮಾರಾಯ್ತಿ!”

ಮದುವೆಯಾಗಿ ಇಪ್ಪತ್ತಾರು ವರ್ಷಗಳಲ್ಲಿ ಅವರ ಬಾಯಿಂದ ಇಂಥ ಮಾತು ಬಂದದ್ದು ಇದೇ ಮೊದಲು. ಮೇಲ್ಮನೆಯ ನಿವೃತ್ತ ಮೇಷ್ಟ್ರು ಮೆಟ್ಟಿಲಿನಿಂದ ಬಗ್ಗಿ, “ಏನೋ ವಿಶೇಷ ಇರೋ ಹಾಗಿದೆ?” ಎಂದರು. ಅಷ್ಟರಲ್ಲಿ ರಾಯರ ಸ್ಕೂಟರು ಬೀದಿ ದಾಟಿತ್ತು.

ತಪಾಸಣೆಯ ಮೇಡಂ ಸಣ್ಣಗೆ, ಗುಬ್ಬಚ್ಚಿಯ ಹಾಗಿದ್ದರು, ಕುತೂಹಲವೂ ಗುಬ್ಬಚ್ಚಿಯದೇ. ಕಿಟಕಿಯ ಜಾಲರಿಗೆ ಮೂಗು ತಾಗಿಸಿ ನೋಡಿದರು, ಮೂಲೆಯಲ್ಲಿ ಮಂಡಿಯೂರಿ ನೋಡಿದರು, “ಇದು ಯಾಕೆ? ಅದೇನು?” ಎಂದು ಕೇಳುತ್ತಲೇ ಹೋದರು. ಕೂದಲು ಬೀಳದ ಹಾಗೆ ಎಲ್ಲರ ತಲೆಗೂ ಬಲೆಟೋಪಿ ಹಾಕಿಸಿದರು. ಒಂದು ಕೂದಲೂ ಇಲ್ಲದ ಯಜಮಾನರು ತಲೆ ಸವರಿಕೊಂಡಾಗ, “ನಿಯಮಕ್ಕೆ ಬೋಳು ಗೀಳು ಗೊತ್ತಿಲ್ಲ ಸಾರ್” ಎಂದು ಅವರಿಗೂ ತಾವೇ ತೊಡಿಸಿದರು.

ಆಮೇಲೆ ಒಂದು ಚೀಲಕ್ಕೆ ಬೆರಳಿಟ್ಟು, “ಇದು ಯಾವ ಹೊಲದ್ದು?” ಎಂದರು. ರಾಯರು ಚೀಟಿ ಓದಿ, ಪುಸ್ತಕ ತೆರೆದು, ಹೊಲದ ಸರ್ವೆ ನಂಬರಿನಿಂದ ಹಿಡಿದು ಬಿತ್ತಿದ ದಿನದವರೆಗೆ ಒಪ್ಪಿಸಿದರು. ಮೇಡಂ ತಲೆದೂಗಿದರು. ರಾಯರ ತಲೆಯ ಮೇಲೆ ಇನ್ನೂ ಹಾಕಿಸದ ಫ್ಯಾನು ತಿರುಗಲು ಶುರುವಾಯಿತು.

“ಇನ್ನು ತೂಕ ನೋಡೋಣ.”

ಮೊದಲ ಚೀಲ ಇಪ್ಪತ್ತನಾಲ್ಕು ಕಿಲೋ. ಎರಡನೆಯದೂ ಇಪ್ಪತ್ತನಾಲ್ಕು. ಇಪ್ಪತ್ತಕ್ಕೆ ಇಪ್ಪತ್ತೂ ಹಾಗೆಯೇ.

“ಪುಸ್ತಕದಲ್ಲಿ ಚೀಲಕ್ಕೆ ಇಪ್ಪತ್ತೈದು ಅಂತಿದೆ. ಒಟ್ಟು ಇಪ್ಪತ್ತು ಕಿಲೋ ಎಲ್ಲಿಗೆ ಹೋಯ್ತು?”

“ಒಣಗಿರಬೇಕು ಮೇಡಂ” ಎಂದರು ರಾಯರು.

“ಎಲ್ಲಾ ಚೀಲವೂ ಮಾತಾಡಿಕೊಂಡು ಒಂದೊಂದೇ ಕಿಲೋ ಒಣಗಿದ್ವಾ?”

ಎಳ್ಳು ಆರಿಸುವ ಹೆಂಗಸರಲ್ಲಿ ಹಿರಿಯಳಾದ ಅಕ್ಕ ನಕ್ಕುಬಿಟ್ಟಳು. ತಾತ ಹೊರಗಿದ್ದಾನೆಂದು ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದಳು.

“ಎಲ್ಲೂ ಹೋಗಿಲ್ಲ ಮೇಡಂ. ತಾತನ ಸೊಂಟಕ್ಕೆ ಇಪ್ಪತ್ತನಾಲ್ಕು ಕಿಲೋಗಿಂತ ಜಾಸ್ತಿ ಭಾರ ಆಗಬಾರದು ಅಂತ ಡಾಕ್ಟ್ರು ಹೇಳಿದಾರೆ. ಸ್ವಾಭಿಮಾನದ ಮನುಷ್ಯ, ನಾವು ಎತ್ತುತೀವಿ ಅಂದ್ರೆ ಬಿಡಲ್ಲ. ಅದಕ್ಕೆ ನಿನ್ನೆ ಸಂಜೆ ಒಂದೊಂದರಿಂದ ಒಂದೊಂದು ಕಿಲೋ ತೆಗೆದು ಇನ್ನೊಂದು ಚೀಲ ತುಂಬಿದ್ವಿ. ಬೆಳಿಗ್ಗೆ ರಾಯರಿಗೆ ಹೇಳಿ ಚೀಟಿ ಅಂಟಿಸೋಣ ಅಂತಿದ್ವಿ. ಎಲ್ಲಿ ರಾಯರೇ ಅದು? ಇಲ್ಲೇ ಇತ್ತಲ್ಲ!”

ರಾಯರು ಪುಸ್ತಕ ಮುಚ್ಚಿದರು. ಎಳ್ಳಷ್ಟೂ ತಪ್ಪಿಲ್ಲದ ಚೀಲವನ್ನು ತಾವೇ ಕದ್ದು ಸಾಗಿಸಿದಂತಾಗಿತ್ತು.

“ಅದು… ಸುರಕ್ಷಿತವಾದ ಜಾಗದಲ್ಲಿ ಇಟ್ಟಿದೀನಿ. ಅರ್ಧ ಗಂಟೆ ಕೊಡಿ.”

ಬಲೆಟೋಪಿಯಲ್ಲೇ ಸ್ಕೂಟರು ಹತ್ತಿದ ರಾಯರನ್ನು ನೋಡಿ ಬೀದಿಯ ನಾಯಿಗಳೆಲ್ಲ ಹಿಂದೆ ಬಿದ್ದವು.

“ಚೀಲ ಎಲ್ಲೇ?”

“ಕಾಣಬಾರದು ಅಂದ್ರಲ್ಲ! ಇಪ್ಪತ್ತು ಕಿಲೋ ಎಲ್ಲಿ ಬಚ್ಚಿಡಲಿ? ಹನ್ನೊಂದು ಮನೆಗೆ ಹಂಚಿಬಿಟ್ಟೆ” ಎಂದರು ಹೆಂಡತಿ, ಪರೀಕ್ಷೆಯಲ್ಲಿ ಮೊದಲು ಬಂದ ಹುಡುಗಿಯ ಹಾಗೆ.

ರಾಯರು ಹೊಸ್ತಿಲ ಮೇಲೆ ಕುಸಿದರು. ಮೇಷ್ಟ್ರು ಇಳಿದು ಬಂದು ವಿಷಯ ಕೇಳಿ, “ಇಷ್ಟೇನಾ? ಎದ್ದೇಳಪ್ಪ” ಎಂದು ಬೀದಿಯ ನಡುವೆ ನಿಂತು ಚಪ್ಪಾಳೆ ತಟ್ಟಿದರು. “ಎಳ್ಳು ತಗೊಂಡವರೆಲ್ಲ ವಾಪಸು ತನ್ನಿ! ರಾಯರ ಕೆಲಸ ಹೋಗುತ್ತಂತೆ!” ಕಿಟಕಿಗಳು ತೆರೆದವು. ಯಾಕೆ, ಏನು ಎಂದು ಕೇಳಿಕೊಂಡೇ ಜನ ಪೊಟ್ಟಣಗಳನ್ನು ತಂದರು. ಎದುರುಮನೆ ಅಜ್ಜಿ ಮಾತ್ರ ಬಿಸಿ ಬಾಣಲೆ ಹಿಡಿದು ಬಂದರು. “ನಂದು ಹುರಿದಾಯ್ತು ಮಗಾ. ಪರವಾಗಿಲ್ವಾ?”

ಅರ್ಧ ಗಂಟೆಗೆ ಎರಡು ನಿಮಿಷ ಇರುವಾಗ ಚೀಲ ಗೋದಾಮಿಗೆ ಬಂತು. ಜೊತೆಗೆ ಮೇಷ್ಟ್ರೂ ರಾಯರ ಹೆಂಡತಿಯೂ ಬಂದರು. ಮೇಡಂ ಚೀಲದ ಬಾಯಿ ಬಿಚ್ಚಿ ಬಗ್ಗಿ ನೋಡಿದರು. ಒಳಗೆ ಹನ್ನೊಂದು ಪೊಟ್ಟಣ, ಪ್ರತಿಯೊಂದಕ್ಕೂ ಚೀಟಿ.

ರಾಯರು ಕಣ್ಣು ಮುಚ್ಚಿಕೊಂಡರು. ಮೇಡಂ ಗಟ್ಟಿಯಾಗಿ ಓದಿದರು: “ಮೇಲ್ಮನೆ ಮೇಷ್ಟ್ರು, ಎರಡು ಕಿಲೋ, ಒಂಬತ್ತೂ ಹತ್ತಕ್ಕೆ ಕೊಟ್ಟದ್ದು. ಎದುರುಮನೆ ಅಜ್ಜಿ, ಎರಡು ಕಿಲೋ, ವಾಪಸು ಬರುವಾಗ ಹುರಿದಿತ್ತು. ಮೂಲೆಮನೆ, ಒಂದೂವರೆ ಕಿಲೋ. ಅದರಲ್ಲಿ ನೂರು ಗ್ರಾಂ ಅವರ ಗಿಳಿ ತಿಂದಿದೆ, ಗಿಳಿ ಆರೋಗ್ಯವಾಗಿದೆ. ಯಾರು ಬರೆದದ್ದು ಇದು?”

“ನಾನೇ ಮೇಡಂ” ಎಂದರು ರಾಯರ ಹೆಂಡತಿ. “ಚೀಟಿ ಇಲ್ಲದೆ ಮಾಲು ಅಲುಗಬಾರದಲ್ವಾ? ಇವರು ಬೇಡ ಅಂದ್ರು. ಆದ್ರೂ ಮನಸ್ಸು ಕೇಳಲಿಲ್ಲ.”

ಮೇಡಂ ನಕ್ಕರು. “ಹೊರಗೆ ಹೋದ ಮಾಲನ್ನ ಬೇಕಾದಾಗ ವಾಪಸು ತರಿಸೋಕಾಗುತ್ತಾ ಅನ್ನೋದೇ ನನ್ನ ಕೊನೇ ಪರೀಕ್ಷೆ. ಎಷ್ಟೋ ದೊಡ್ಡ ಕಂಪನಿಯವರು ವಾರಗಟ್ಟಲೆ ತಡಕಾಡ್ತಾರೆ. ಅರ್ಧ ಗಂಟೇಲಿ, ಗಿಳಿಯ ಸಮೇತ ಲೆಕ್ಕ ಕೊಟ್ಟವರನ್ನ ನಾನು ನೋಡಿಲ್ಲ. ಈ ಪೊಟ್ಟಣಗಳು ಹಡಗು ಹತ್ತೋ ಹಾಗಿಲ್ಲ, ತಾತನ ಮನೆಗೆ ಕೊಡಿ. ಉಳಿದ ಇಪ್ಪತ್ತು ಚೀಲಕ್ಕೆ ಸರ್ಟಿಫಿಕೇಟು ಕೊಡ್ತೀನಿ. ಇನ್ನು ಮುಂದೆ ಪುಸ್ತಕದಲ್ಲೂ ಚೀಲಕ್ಕೆ ಇಪ್ಪತ್ತನಾಲ್ಕೇ ಅಂತ ಬರ್ಕೊಳ್ಳಿ.”

ರಾಯರು ಕಣ್ಣು ತೆರೆದರು. ಫ್ಯಾನು ಮತ್ತೆ ತಿರುಗಿತು.

“ಒಂದೇ ಷರತ್ತು” ಎಂದರು ಮೇಡಂ. “ಮಾಲು ತಂಗಿದ ಜಾಗವೆಲ್ಲ ದಾಖಲೆಗೆ ಸೇರಬೇಕು. ರಾಯರ ಮನೆ ಇವತ್ತಿಂದ ಗೋದಾಮು ಎರಡು. ತಿಂಗಳಿಗೊಂದು ಸಲ ಬಂದು ನೋಡ್ತೀನಿ. ಗುಣಮಟ್ಟಕ್ಕೆ ಜವಾಬ್ದಾರರು ಯಾರು ಅಂತ ಬರ್ಕೊಳ್ಳಲಿ? ಚೀಟಿ ಇಲ್ಲದ ಚೀಲ ಸಾಗಿಸಿದವರ ಹೆಸರು ಹಾಕೋಕೆ ಬರಲ್ಲ.”

ಯಜಮಾನರು ಬಲೆಟೋಪಿ ಸರಿಮಾಡಿಕೊಂಡು ರಾಯರನ್ನು ನೋಡಿದರು, ರಾಯರ ಹೆಂಡತಿಯನ್ನು ನೋಡಿದರು. “ಅಮ್ಮಾ, ನಾಳೆಯಿಂದ ಬರೋಕಾಗುತ್ತಾ?”

ಮರುದಿನ ಬೆಳಿಗ್ಗೆ ರಾಯರು ಕಾಫಿ ಕೇಳಲು ಹೋದಾಗ ಅಡುಗೆಮನೆಯ ಬಾಗಿಲ ಮೇಲೆ ನೀಲಿ ಬೋರ್ಡು ತೂಗುತ್ತಿತ್ತು. ಹೆಸರಿಲ್ಲದ್ದರಿಂದ ಒಂದಕ್ಷರವನ್ನೂ ತಿದ್ದಬೇಕಾಗಿರಲಿಲ್ಲ.

“ಅಲ್ಲೇ ನಿಂತ್ಕೊಳ್ಳಿ. ಟೋಪಿ ಎಲ್ಲಿ?” ಎಂದರು ಹೆಂಡತಿ. ಪಾಪ, ಕಾಫಿಯನ್ನು ಆರದ ಹಾಗೆ ಮುಚ್ಚಿಟ್ಟಿದ್ದರು. ಆದರೆ ಅದನ್ನು ಕೊಡುವ ಮೊದಲು ಒಂದು ಚೀಟಿ ಬರೆದು ರಾಯರ ಅಂಗಿಗೆ ಅಂಟಿಸಿದರು.

‘ತಪಾಸಣೆ ಬಾಕಿ ಇದೆ.’