ನಿಂಬೆಹಣ್ಣು ತುಳಿದ ವಿಮಾನ

ಬೇರೆ ಊರಲ್ಲಿ ಯಾರಿಗಾದರೂ ಬುದ್ಧಿ ಕೆಟ್ಟರೆ ಮನೆಯಲ್ಲಿ ಸುಮ್ಮನೆ ಕೂರುತ್ತಾರೆ. ನಮ್ಮ ತಿಪಟೂರು ಕಡೆ ಜೆಸಿಬಿ ತರಿಸುತ್ತಾರೆ. ಹಾಗಾಗಿ ಇಲ್ಲಿ ಇಂಥ ಪ್ರಸಂಗಗಳಿಗೆ ಬರವಿಲ್ಲ. ಮೂವತ್ತು ವರ್ಷ ಫೈರ್ ಇಂಜಿನ್ ಓಡಿಸಿ ನಿವೃತ್ತನಾದವನು ನಾನು. ನೀವು ನಗಿ, ಬೇಡ ಅನ್ನುವುದಿಲ್ಲ. ನನಗೆ ಮಾತ್ರ ಇವತ್ತಿಗೂ ಮೈ ಉರಿಯುತ್ತದೆ.

೧. ಬಂತು ವಿಮಾನ

ನಮ್ಮೂರಿನ ಕೊಬ್ಬರಿ ಸಾಹುಕಾರರೊಬ್ಬರು ಪರದೇಶದ ಗುಜರಿಯಿಂದ ಹಳೆಯ ಹಾರುವ ದೋಣಿಯೊಂದನ್ನು ಕೊಂಡರು. ಅದು ವಿಮಾನವೇ, ಆದರೆ ಹೊಟ್ಟೆ ದೋಣಿಯದು. ಕೆರೆಯ ನೀರು ಸವರಿಕೊಂಡು ಹೋಗುತ್ತಲೇ ಟ್ಯಾಂಕ್ ತುಂಬಿಸಿಕೊಂಡು, ಮೇಲೆದ್ದು, ಹತ್ತಿಕೊಂಡ ಕಾಡಿನ ಮೇಲೆ ಸುರಿಯುತ್ತಿದ್ದ ಪುಣ್ಯಾತ್ಮ ಗಾಡಿ. ವಯಸ್ಸಾಯಿತೆಂದು ಮೂಲೆಗೆ ಹಾಕಿದ್ದರಂತೆ. ಅದರ ರೆಕ್ಕೆ ಕತ್ತರಿಸಿ, ಟ್ರೈಲರಿನಲ್ಲಿ ತಂದು, ನೊಣವಿನಕೆರೆ ರಸ್ತೆಯ ತಮ್ಮ ತೋಟದ ಅಂಚಿಗೆ ಇಳಿಸಿದರು. ಒಳಗೆ ಹೋಟೆಲ್ ಮಾಡುತ್ತಾರಂತೆ!

ಮೇಲ್ವಿಚಾರಣೆಗೆ ನನ್ನನ್ನು ಕರೆದರು. ನಾನು ಕೇಳಿಕೊಂಡದ್ದು ಒಂದೇ. "ನೀರಿನ ಟ್ಯಾಂಕ್ ಮಾತ್ರ ಹಾಗೇ ಉಳಿಸಿ, ಯಾವಾಗಲೂ ತುಂಬಿಸಿಡಿ. ಪಕ್ಕದಲ್ಲೇ ನಾರಿನ ಫ್ಯಾಕ್ಟರಿ ಇದೆ, ಕಷ್ಟಕ್ಕಾಗುತ್ತೆ."

"ಆಯ್ತು ಬುಡಿ" ಅಂದರು ಸಾಹುಕಾರರು.

ನೋಡಲು ಬಂದ ಅರಳಗುಪ್ಪೆಯ ರೈತರೊಬ್ಬರಿಗೆ ಅದರ ಸಾಹಸವನ್ನೆಲ್ಲ ವಿವರಿಸಿದೆ. ಅವರು ಬಾಯಿ ಬಿಟ್ಟುಕೊಂಡು ಪೂರ್ತಿ ಕೇಳಿದರು.

"ಅಂದ್ರೆ ತೋಟಕ್ಕೆ ನೀರ್ ಬುಡೋಕೆ ಇದುಕ್ಕೆ ತ್ರೀ ಫೇಸ್ ಕರೆಂಟೇ ಬೇಡ್ವೇನ್ರೀ? ಅಯ್ಯೋ, ಅಂಥದ್ರ ರೆಕ್ಕೆ ಯಾಕ್ರೀ ಕುಯ್ದ್ರಿ!"

೨. ಪೂಜೆ

ಹೊಸ ಗಾಡಿ ಎಂದಮೇಲೆ ಪೂಜೆ ಆಗಬೇಕಲ್ಲ. ಅರ್ಚಕರು ಕೈಯಲ್ಲಿ ನಾಲ್ಕು ನಿಂಬೆಹಣ್ಣು ಹಿಡಿದು ವಿಮಾನಕ್ಕೆ ಎರಡು ಸುತ್ತು ಬಂದು, "ಚಕ್ರ ಎಲ್ರೀ?" ಎಂದು ಕೇಳಿದರು.

"ಚಕ್ರ ಇಲ್ಲ ಸ್ವಾಮಿ, ಇದು ನೀರಿನ ಮೇಲೆ ಇಳಿಯೋದು" ಅಂದೆ.

"ನಿಂಬೆಹಣ್ಣು ತುಳೀದೆ ಗಾಡಿ ಪೂಜೆ ಆಗಲ್ಲ ಕಣ್ರೀ."

ಸಾಹುಕಾರರು ಜೆಸಿಬಿ ಕರೆಸಿದರು. ಮೂತಿ ಎತ್ತಿ, ಕೆಳಗೆ ಹಣ್ಣಿಟ್ಟು, ಮೆಲ್ಲಗೆ ಇಳಿಸುವುದು ಅಂತ ಲೆಕ್ಕಾಚಾರ. ಬೇಡ ಬೇಡ ಎಂದು ನಾನು ಕೂಗುತ್ತಿದ್ದ ಹಾಗೆಯೇ ಜೆಸಿಬಿಯ ಹಲ್ಲು ಜಾರಿ ಹೊಟ್ಟೆಯ ಮಗ್ಗುಲಿಗೆ ನಾಟಿತು. ಟ್ಯಾಂಕಿಗೆ ಮೊರದಗಲ ತೂತು! ಎಷ್ಟೋ ಕೆರೆಗಳ ಮೇಲೆ ಅಪ್ಪಳಿಸಿಯೂ ಹರಿಯದಿದ್ದ ಹೊಟ್ಟೆಯನ್ನು ಒಂದು ನಿಂಬೆಹಣ್ಣಿಗೋಸ್ಕರ ಹರಿದರು. ಬಾಯಿಗೆ ಬಂದ ಹಾಗೆ ಬೈದೆ.

ಸಾಹುಕಾರರು ಬಗ್ಗಿ ನೋಡಿ ಎದ್ದರು. "ಕ್ವಾಪ ಮಾಡ್ಕಬೇಡಿ. ಹಣ್ಣು ಸರ್ಯಾಗೇ ಒಡ್ದೈತೆ."

೩. ಟ್ಯಾಂಕ್

ತೂತಿಗೆ ವೆಲ್ಡಿಂಗ್ ಮಾಡಿಸಿ ಎಂದು ದಿನಾ ಪೀಡಿಸಿದೆ. ದಿನಾ "ನಾಳೆ" ಅಂದರು. ಅಷ್ಟರಲ್ಲಿ ಹೋಟೆಲ್ ಶುರುವಾಯಿತು. ಬಾಲದ ಹತ್ತಿರ ಒಲೆ, ಒಲೆಗೆ ತೆಂಗಿನ ಚಿಪ್ಪು. ಒಂದು ದಿನ ನೋಡುತ್ತೇನೆ, ಅಡುಗೆಯವನು ತೂತಿನಿಂದ ಬುಟ್ಟಿಗಟ್ಟಲೆ ಚಿಪ್ಪನ್ನು ಟ್ಯಾಂಕಿಗೆ ಸುರಿಯುತ್ತಿದ್ದಾನೆ!

"ಏನ್ಲಾ ಇದು?"

"ಒಳ್ಗೆ ಬೆಚ್ಚಗೈತೆ ಸಾರ್. ತೂತಲ್ಲಿ ಗಾಳೀನೂ ಆಡ್ತದೆ, ಬೂಸ್ಟು ಹಿಡಿಯಲ್ಲ."

ತೆಂಗಿನ ಚಿಪ್ಪು ಹತ್ತಿದರೆ ಹೇಗೆ ಉರಿಯುತ್ತದೆಂದು ಈ ಸೀಮೆಯಲ್ಲಿ ಯಾರಿಗೂ ಪಾಠ ಹೇಳಬೇಕಿಲ್ಲ. ನೇರ ಸಾಹುಕಾರರ ಬಳಿಗೆ ಹೋಗಿ, "ಬೆಂಕಿ ಆರಿಸಿದ ಹೊಟ್ಟೆಗೆ ಸೌದೆ ತುಂಬುತ್ತೀರಲ್ಲ, ನಾಚಿಕೆ ಆಗಲ್ವ?" ಎಂದೆ.

"ಟ್ಯಾಂಕ್ ಯಾವಾಗ್ಲೂ ತುಂಬ್ಸಿಡಿ ಅಂದೋರು ನೀವೇ ತಾನೆ?" ಅಂದರು.

೪. ಫೋನು

ಒಂದು ಮಧ್ಯಾಹ್ನ ಒಲೆಯ ಕಿಡಿ ಹಾರಿ ತೂತಿನೊಳಗೆ ಬಿತ್ತು. ಊಟಕ್ಕೆ ಕೂತವರೆಲ್ಲ ಎಲೆ ಬಿಟ್ಟು ಹೊರಗೆ ಓಡಿಬಂದರು. ಯಾರಿಗೂ ಏನೂ ಆಗಲಿಲ್ಲ, ಆದರೆ ವಿಮಾನದ ಹೊಟ್ಟೆ ಧಗಧಗ ಅನ್ನುತ್ತಿತ್ತು. ನಾನು ಬಿಂದಿಗೆಯಲ್ಲಿ ನೀರು ಎರಚುತ್ತಿದ್ದೆ. ಸಾಹುಕಾರರು ಫೈರ್ ಸ್ಟೇಷನ್ನಿಗೆ ಫೋನ್ ಮಾಡಿದರು.

"ಬೇಗ ಬನ್ರಪ್ಪಾ, ಬೆಂಕಿ ಆರ್ಸೋ ವಿಮಾನುಕ್ಕೆ ಬೆಂಕಿ ಬಿದ್ದೈತೆ!"

ಆ ಕಡೆಯವನು, ಹುಡುಗಾಟ ಆಡ್ತೀಯೇನ್ಲಾ ಎಂದು ಇಟ್ಟುಬಿಟ್ಟ. ಮತ್ತೆ ಮಾಡಿದರು, ಮತ್ತೆ ಇಟ್ಟ. ನಾನು ಫೋನ್ ಕಿತ್ತುಕೊಂಡೆ. ನನ್ನ ದನಿ ಅವನಿಗೆ ಗುರುತು ಸಿಕ್ಕಿತು.

"ನೀವಾ ಸಾರ್? ಅಲ್ಲ, ಅದ್ರ ಟ್ಯಾಂಕಲ್ಲೇ ನೀರಿರ್ಬೇಕಲ್ಲ? ಏನೈತೆ ಒಳಗೆ?"

"ಚಿಪ್ಪು!" ಎಂದು ಕಿರುಚಿದೆ.

ಅವನು ಕಿಸಕ್ಕನೆ ನಕ್ಕ. "ಸಿಟ್ಟಾಗ್ಬೇಡಿ ಸಾರ್, ಬತ್ತೀವಿ" ಅಂದ.

ಬಂದರು, ಆರಿಸಿದರು. ಅಷ್ಟರಲ್ಲಿ ಅರ್ಧ ಹೊಟ್ಟೆ ಕರಗಿ ನೆಲಕ್ಕೆ ಇಳಿದಿತ್ತು. ನನಗೆ ಅಳು ಬಂತು, ಸಿಟ್ಟಿನ ಅಳು. ಫೋನ್ ಎತ್ತಿದ್ದವನೇ ಪೈಪ್ ಕೆಳಗಿಟ್ಟು, ಟ್ಯಾಂಕಿನೊಳಗೆ ಇಣುಕಿ, ಇನ್ನೂ ಅಲ್ಲಲ್ಲಿ ಕೆಂಪಗೆ ಮಿನುಗುತ್ತಿದ್ದ ರಾಶಿಯನ್ನು ತುಂಬ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಅಂದ:

"ಕ್ಷಮ್ಸಿ ಸಾರ್. ನೀವು ಬಯ್ದ್ರಿ ಅನ್ಕೊಂಡಿದ್ದೆ. ನಿಜ್ವಾಗ್ಲೂ ಚಿಪ್ಪೇ!"