ಶಂಭುಲಿಂಗನ ಪಿಂಗಾಣಿ ನಗೆ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಅಂಗಡಿ ಇಟ್ಟಿದ್ದ ಶಂಭುಲಿಂಗನಿಗೆ ಐವತ್ತು ವರ್ಷ ಇಲ್ಲದಿದ್ದ ಚಿಂತೆಯೊಂದು ಮಗಳು ಸ್ನೇಹಾಳ ನಿಶ್ಚಯದ ದಿನ ಗೊತ್ತಾದೊಡನೆ ಹತ್ತಿಕೊಂಡಿತು. ವಿಡಿಯೋದವನು ಬರುತ್ತಾನೆ, ಸಿ.ಡಿ. ಮಾಡುತ್ತಾನೆ, ಎಲೆಅಡಿಕೆ ಮೆದ್ದು ಕೆಂಪಾದ ತನ್ನ ಹಲ್ಲು ಬೀಗರ ಟಿ.ವಿ.ಯಲ್ಲಿ ಅಜರಾಮರವಾಗುತ್ತದೆ! ಹಲ್ಲಿನ ಮೇಲೆ ಪಿಂಗಾಣಿಯ ತೆಳು ಹೊದಿಕೆ ಅಂಟಿಸುತ್ತಾರೆಂದು ಪೇಪರಿನಲ್ಲಿ ಓದಿದವನೇ ಹೆಂಡತಿ ಸುರೇಖಾಳೊಡನೆ ರಾಣೆಬೆನ್ನೂರಿನ ಹಲ್ಲಿನ ಡಾಕ್ಟರ್ ಜುಬೇದಾ ಅವರಲ್ಲಿಗೆ ಹೋದ.

ಡಾಕ್ಟರು ಬಾಯೊಳಗೆ ಬೆಳಕು ಬಿಟ್ಟು ನೋಡಿದರು. "ಒಸಡು ಬಾತಾವ್ರಿ. ಹಲ್ಲೂ ಸವದಾವು. ನಿದ್ದ್ಯಾಗ ಹಲ್ಲು ಕಡೀತೀರೇನು?"

"ಛೇ, ಇಲ್ಲರಿ!"

"ಕಡೀತಾರ್ರಿ," ಎಂದಳು ಸುರೇಖಾ. "ಹಿಟ್ಟಿನ ಗಿರಣಿ ಬಾಜೂಕ ಮಲಗಿದಂಗ ಆಗತೈತಿ."

"ಹಂಗಾದ್ರ ನಿಮಗಿದು ಒಗ್ಗಂಗಿಲ್ಲ, ಹಲ್ಲು ಕಡದ್ರ ಹೊದಿಕೆ ಕಿತ್ತು ಬರತೈತಿ. ಹೊದಿಕೆ ಕೂಡಿಸಾಕ ಹಲ್ಲಿನ ಮ್ಯಾಲಿನ ಪದರ ಕೆರೀಬೇಕು. ಕೆರೆದದ್ದು ಮತ್ತ ಬೆಳೆಯಂಗಿಲ್ಲ. ಸ್ವಚ್ಛ ಮಾಡಿಸ್ಕೊರಿ, ಅಷ್ಟ ಸಾಕು."

ಇಷ್ಟು ಸಣ್ಣ ಇಲಾಜಿನಿಂದ ಶಂಭುಲಿಂಗನ ಘನತೆಗೆ ಧಕ್ಕೆಯಾಯಿತು. ಒಬ್ಬನೇ ಹಾವೇರಿಗೆ ಹೋಗಿ, ಬೇರೊಬ್ಬ ಡಾಕ್ಟರಿಗೆ ತಾನು ಹಲ್ಲು ಕಡಿಯುವುದೇ ಇಲ್ಲವೆಂದು ಆಣೆ ಮಾಡಿ (ಸಾಕ್ಷಿ ಹೇಳುವವಳು ಮನೆಯಲ್ಲಿದ್ದಳು), ಮುಂದಿನ ನಾಲ್ಕು ಹಲ್ಲುಗಳಿಗೆ ಪಿಂಗಾಣಿಯ ಪಟ್ಟಾಭಿಷೇಕ ಮಾಡಿಸಿಕೊಂಡು ಬಂದ. ಅಂದಿನಿಂದ ಗಿರಾಕಿಗೆ ನಕ್ಕ, ಬಸ್ಸಿನ ಕಂಡಕ್ಟರಿಗೆ ನಕ್ಕ, ದಾರಿಯ ಎಮ್ಮೆಗೂ ನಕ್ಕ.

ನಿಶ್ಚಯದ ದಿನ ಬೆಳಿಗ್ಗೆ ಬಾಯಿ ಮುಕ್ಕಳಿಸಿದಾಗ ಹಲ್ಲು ಜುಮ್ಮೆಂದಿತು. ಕನ್ನಡಿ ನೋಡಿದರೆ ಎರಡು ಹೊದಿಕೆ ಮಾಯ! ಕೆರೆದ ಹಲ್ಲೆರಡು ಹಳದಿ ಮೋಟುಗಳಾಗಿ ಇಣುಕುತ್ತಿದ್ದವು.

ಬೀಗರು ಬಂದರು. ಶಂಭುಲಿಂಗ ತುಟಿ ಬಿಗಿದು, ಎಲ್ಲದಕ್ಕೂ "ಹೂಂ" ಎಂದ. ಹುಡುಗನ ತಂದೆ ಕೊಟ್ರಪ್ಪ ಕೊನೆಗೆ ಎದ್ದೇ ನಿಂತರು. "ಯಾಕ್ರಿ ಬೀಗರ, ಈ ಸಂಬಂಧ ಮನಸ್ಸಿಗೆ ಬಂದಿಲ್ಲೇನು? ಖರೇ ಹೇಳ್ರಿ, ಇಲ್ಲಿಗೇ ಬಿಡೂಣು."

ಸ್ನೇಹಾಳ ಕಣ್ಣು ತುಂಬಿತು. ಅದನ್ನು ನೋಡಿದ ಶಂಭುಲಿಂಗ ಮಾನ, ಕ್ಯಾಮೆರಾ ಎರಡನ್ನೂ ಮರೆತು ಬಾಯಿ ತೆರೆದ. "ಸಂಬಂಧ ಮನಸ್ಸಿಗೆ ಬಂದೈತ್ರೀ! ಹಲ್ಲು ಬಿಟ್ಟು ಹೋಗ್ಯಾವು!"

ಮೊದಲು ನಕ್ಕವಳು ಸ್ನೇಹಾ. ಆಮೇಲೆ ಕೊಟ್ರಪ್ಪ ಹೊಟ್ಟೆ ಹಿಡಿದುಕೊಂಡು ಕುಳಿತರು. ನಿಶ್ಚಯ ಮುಗಿಯಿತು.

ಮರುದಿನ ಜುಬೇದಾ ಮತ್ತೆ ನೋಡಿದರು. "ಹೊಸಾವು ಹಾಕ್ತೇನಿ. ಆದ್ರ ಕೆರೆದ ಹಲ್ಲಿಗೆ ಇನ್ನ ಜನ್ಮಪೂರ್ತಿ ಹೊದಿಕೆ ಬೇಕು. ಮಲಗುವಾಗ ಹಲ್ಲು ಕಡೀದಂಗ ಈ ಪ್ಲಾಸ್ಟಿಕ್ ಅಚ್ಚು ಬಾಯಾಗ ಇಟ್ಕೋಬೇಕು. ಇದಿದ್ರ ಸರಿಯಾಗಿ ಮಾತಾಡಾಕ ಬರಂಗಿಲ್ಲ, ಅದೊಂದ ತ್ರಾಸು."

ಸುರೇಖಾಳ ಮುಖ ಅರಳಿತು. "ಡಾಕ್ಟರ್ರೀ, ಹಗಲೊತ್ತೂ ಹಾಕಿದ್ರ ನಡೀತೈತೇನ್ರಿ?"