ಪಾಪ್ಪಿ ಗಿಡಗಳು ಆಟಿಗೆ ಹೋದದ್ದು

ನಗರ ಪುಷ್ಪೋನ್ನತಿ ಪ್ರಾಧಿಕಾರದ ನಿಯಮದಂತೆ ಬಹುವಾರ್ಷಿಕ ಗಿಡವು ಸಾಯತಕ್ಕದ್ದಲ್ಲ. ಸತ್ತರೆ ಅದನ್ನು ನೋಡಿಕೊಳ್ಳುವವನ ಕೆಲಸ ಹೋಗತಕ್ಕದ್ದು.

ಶಕ್ತಿನಗರದ ಪಾರ್ಕಿನ ಮಾಲಿ ಚೆನ್ನಪ್ಪನಿಗೆ ಇದು ಚೆನ್ನಾಗಿ ಗೊತ್ತಿತ್ತು. ಊಟಿಯಿಂದ ತರಿಸಿದ ಪಾಪ್ಪಿ ಗಿಡಗಳು ಒಮ್ಮೆ ನೆಟ್ಟರೆ ವರ್ಷವರ್ಷವೂ ಹೂ ಬಿಡುತ್ತವೆಂದು ಪ್ರಾಧಿಕಾರ ಬೋರ್ಡು ಹಾಕಿಸಿತ್ತು. ಅವು ಜನವರಿಯಲ್ಲಿ ಕೆಂಪಗೆ ಅರಳಿ ಫೋಟೋಕ್ಕೆ ನಿಂತವು, ಏಪ್ರಿಲಿನ ಸೆಕೆಗೆ ಬಾಡಿದವು, ಜೂನ್ ಮಳೆಗೆ ಕೊಳೆತವು. ಚೆನ್ನಪ್ಪ ಬೆಂಗ್ರೆಯ ತನ್ನ ಮನೆಯಿಂದ ಮೀನು ತೊಳೆದ ನೀರು ತಂದು ಎರೆದೂ ನೋಡಿದ. ಬೆಕ್ಕುಗಳು ಬಂದವು, ಗಿಡ ಬರಲಿಲ್ಲ.

ಜುಲೈ ಕೊನೆಗೆ ಉದ್ಯಾನಾಧಿಕಾರಿ ಶಶಿಪ್ರಭಾ ತಪಾಸಣೆಗೆ ಬಂದರು.

"ಗಿಡ ಎಲ್ಲಿ ಚೆನ್ನಪ್ಪ?"

ಮದುವೆಯಾದ ಮೊದಲ ವರ್ಷವೆಂದು ಚೆನ್ನಪ್ಪನ ಮಗಳು, ಕರಾವಳಿಯ ಕ್ರಮದಂತೆ, ಆಷಾಢದ ಹೊತ್ತಿನ ಆಟಿ ತಿಂಗಳು ಕೂರಲು ತವರಿಗೆ ಬಂದಿದ್ದಳು. ಗಾಬರಿಯಲ್ಲಿ ಅವನ ಬಾಯಿಗೆ ಅದೇ ಬಂತು.

"ಆಟಿ ಅಲ್ವಾ ಮೇಡಂ. ನೆಟ್ಟ ಮೊದಲ ವರ್ಷ. ತವರಿಗೆ ಹೋಗಿವೆ."

ಶಶಿಪ್ರಭಾ ನಗಲಿಲ್ಲ. "ವಾಪಸ್ ಯಾವಾಗ?"

"ಆಟಿ ಮುಗಿದ ಮೇಲೆ. ಗಂಡನ ಮನೆಯವರು ಕರೀಲಿಕ್ಕೆ ಹೋಗ್ಬೇಕು, ಕ್ರಮ ಉಂಟಲ್ಲ."

"ಗಂಡನ ಮನೆಯವರು ಅಂದ್ರೆ?"

"ಪ್ರಾಧಿಕಾರವೇ ಅಲ್ವಾ ಮೇಡಂ?"

ಮರುದಿನ ಪ್ರಕಟಣೆ ಹೊರಬಿತ್ತು: "ಪಾಪ್ಪಿ ಗಿಡಗಳು ಸಂಪ್ರದಾಯದಂತೆ ತವರಿನಲ್ಲಿರುತ್ತವೆ. ಸತ್ತಿವೆಯೆಂದು ಸಾರ್ವಜನಿಕರು ಭಾವಿಸಕೂಡದು. ಅವುಗಳನ್ನು ಗೌರವಪೂರ್ವಕವಾಗಿ ಕರೆತರಲು ಅಧಿಕಾರಿಗಳ ನಿಯೋಗವು ಕುಟುಂಬ ಸಮೇತ ಊಟಿಗೆ ತೆರಳಲಿದೆ."

ನಿಯೋಗ ಸ್ವೆಟರ್ ತೊಟ್ಟು ಹೋಗಿ, ಚಾಕಲೇಟು, ನೀಲಗಿರಿ ಎಣ್ಣೆ ಮತ್ತು ಒಂದು ಟ್ರೇ ಗಿಡಗಳೊಂದಿಗೆ ಮರಳಿತು. ಅವು ಹಳೆಯ ಗಿಡಗಳೇ ಎಂದು ಎಲ್ಲರೂ ಗುರುತು ಹಿಡಿದರು. ಚೆನ್ನಪ್ಪನ ಕೆಲಸ ಉಳಿಯಿತು.

ಮರುವರ್ಷ ಎಡವಟ್ಟಾಯಿತು. ಉಳಿದವು ಎಂದಿನಂತೆ ಕೊಳೆತರೂ ಒಂದು ಗಿಡ ಸೆಕೆಗೂ ಮಳೆಗೂ ಜಗ್ಗದೆ, ಆಟಿಯಲ್ಲೇ ಮೊಗ್ಗು ಬಿಟ್ಟಿತು. ಚೆನ್ನಪ್ಪನಿಗೆ ಖುಷಿಯೋ ಖುಷಿ. ತನ್ನ ಕೊಡೆಯನ್ನೇ ಅದಕ್ಕೆ ಕಟ್ಟಿ, ತಾನು ನೆನೆಯುತ್ತಾ ನಿಂತ.

"ಇದು ಎಂತ, ಇನ್ನೂ ಹೋಗ್ಲಿಲ್ವಾ?" ಎಂದರು ಶಶಿಪ್ರಭಾ.

"ಮೊದಲ ವರ್ಷ ಮಾತ್ರ ಹೋಗುವ ಕ್ರಮ ಮೇಡಂ. ಇದು ಇಲ್ಲೇ ಬೇರು ಬಿಟ್ಟಿದೆ."

"ಇದೊಂದು ಇಲ್ಲೇ ಇದ್ರೆ ಉಳಿದವು ಸತ್ತಿವೆ ಅಂತ ಆಗುವುದಿಲ್ವಾ? ಮತ್ತೆ ನಾವು ಯಾರನ್ನು ಕರೀಲಿಕ್ಕೆ ಹೋಗುವುದು? ಬಸ್ಸು ಬುಕ್ ಆಗಿದೆ. ನಿಮ್ಮ ಕೆಲಸದ ಬಗ್ಗೆಯೂ ಯೋಚಿಸ್ಬೇಕಲ್ಲ ಚೆನ್ನಪ್ಪ."

ಚೆನ್ನಪ್ಪ ಕೊಡೆಯ ಗಂಟನ್ನು ಇನ್ನಷ್ಟು ಬಿಗಿ ಮಾಡಿದ. ದಿನಾ ವಾಕಿಂಗಿಗೆ ಬರುವ ಒಸ್ವಾಲ್ಡ್ ಅವನ ಹೆಗಲು ತಟ್ಟಿ, "ಹೋಗಿ ಬರ್ಲಿ ಮಾರಾಯ, ಒಂದು ತಿಂಗಳಿನ ಮಾತು," ಎಂದರು. ಉಳಿದವರೂ ಹೌದೆಂದರು.

ಚೆನ್ನಪ್ಪ ಗಿಡವನ್ನು ಬೇರುಸಹಿತ ಕಿತ್ತು, ಮೊಗ್ಗು ಮುರಿಯದಂತೆ ಪೇಪರಿನಲ್ಲಿ ಸುತ್ತಿ, ಕಸದ ಗಾಡಿ ಹತ್ತಿಸಿದ.

"ಜಾಗ್ರತೆ," ಎಂದ.

ಗಾಡಿ ಹೊರಟಿತು. ಪಾರ್ಕಿನಲ್ಲಿದ್ದವರೆಲ್ಲ ಕೈಬೀಸಿದರು.